ಚಿಕ್ಕಪ್ಪನಿಗೆ ನಾನು ಹೇಳಿದ ಸಂಥೆ

ನಾನು ತಪ್ಪಿಲ್ಲದೆ ಓದಿದ ಮೊದಲ ಇಂಗ್ಲಿಷ್ ವಾಕ್ಯ ಕತ್ತೆಯದು. 'ಐ ಆ್ಯಮ್ ಎ ಡಾಂಕಿ, ಐ ಸ್ಪೋಕ್ ಹಿಂದಿ.' ನಾನು ಕತ್ತೆ, ನಾನು ಹಿಂದಿ ಮಾತಾಡಿದೆ. ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಇದನ್ನು ಬರೆದು, ಎರಡು ತೂತು ಕೊರೆದು, ಸೆಣಬಿನ ದಾರ ಕಟ್ಟಿ ನಮ್ಮ ಸ್ಕೂಲಿನವರು ಪ್ರತಿ ಕ್ಲಾಸಿಗೂ ಒಂದೊಂದು ಕೊಟ್ಟಿದ್ದರು. ಬೆಳಿಗ್ಗೆ ಯಾವ ಹುಡುಗಿಯ ಬಾಯಿಂದ ಮೊದಲು ಹಿಂದಿ ಬೀಳುತ್ತದೋ ಅವಳ ಕೊರಳಿಗೆ ಆ ರಟ್ಟು. ಅವಳು ಇನ್ನೊಬ್ಬಳನ್ನು ಹಿಡಿದುಕೊಟ್ಟರೆ ಇವಳಿಂದ ಅವಳಿಗೆ. ಕೊನೆಯ ಗಂಟೆ ಹೊಡೆದಾಗ ಅದು ಯಾರ ಕೊರಳಲ್ಲಿ ಉಳಿದಿದೆಯೋ ಅವಳ ಬೆರಳ ಗೆಣ್ಣಿನ ಮೇಲೆ ಸ್ಕೇಲಿನ ಏಟು ಬೀಳುತ್ತಿತ್ತು.

ಮೊದಲ ವರ್ಷ ನಾನು ತಿಂದ ಏಟಿಗೆ ಲೆಕ್ಕವಿಲ್ಲ. ಎರಡನೇ ವರ್ಷಕ್ಕೆ ನಾನೇ ಹಿಡಿಯುವುದನ್ನು ಕಲಿತೆ. ನನ್ನ ಉಪಾಯ ಸುಲಭದ್ದು. ನೀರಿನ ನಲ್ಲಿಯ ಹತ್ತಿರ ನೂಕುನುಗ್ಗಲಿನಲ್ಲಿ ನಿಂತು ಮುಂದಿದ್ದವಳ ಕಾಲನ್ನು ಬೂಟಿನ ಹಿಮ್ಮಡಿಯಿಂದ ತುಳಿಯುತ್ತಿದ್ದೆ. ನೋವಾದಾಗ ಯಾರೂ ಇಂಗ್ಲಿಷಿನಲ್ಲಿ ಕೂಗುವುದಿಲ್ಲ. 'ಅರೇ ಮಾಈ' ಅಂದ ಕೂಡಲೇ ರಟ್ಟು ತೆಗೆದು ಅವಳ ಕೊರಳಿಗೆ ಹಾಕುತ್ತಿದ್ದೆ. ನಮ್ಮ ಕ್ಲಾಸಿನಲ್ಲಿ ತೊದಲುವ ಹುಡುಗಿಯೊಬ್ಬಳಿದ್ದಳು. ಅವಳು ಇಂಗ್ಲಿಷಿನ ಒಂದು ಮಾತು ಕಟ್ಟುವಷ್ಟರಲ್ಲಿ ಹಿಂದಿಯದು ಹೊರಗೆ ಬಿದ್ದುಬಿಡುತ್ತಿತ್ತು. ನಾನು ಅವಳ ಬೆನ್ನು ಬಿಡುತ್ತಲೇ ಇರಲಿಲ್ಲ. ಟೀಚರು ನನ್ನನ್ನು 'ಶಾರ್ಪ್ ಗರ್ಲ್' ಅಂದರು. ಆ ಹೊಗಳಿಕೆಗೆ ನಾನು ಉಬ್ಬಿಹೋದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆ ಕಾಶಿಯ ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿ, ಕೆಳಗೆ ಯಾತ್ರಿಕರಿಗೆ ಎರಡು ಕೋಣೆ, ಮೇಲೆ ನಾವು. ಕರ್ನಾಟಕದಿಂದ ಬರುವವರಿಗೆ ಶ್ರಾದ್ಧ, ಪಿಂಡಪ್ರದಾನ, ಗಂಗಾಪೂಜೆ ಮಾಡಿಸುವುದು ತಾತನ ಕಾಲದಿಂದ ನಮ್ಮ ಮನೆಯ ಕೆಲಸ. ಅಪ್ಪನ ಜೊತೆಗೆ ಅವರ ತಮ್ಮ, ಅಂದರೆ ನನ್ನ ಚಿಕ್ಕಪ್ಪ, ಆ ಕೆಲಸ ಮಾಡುತ್ತಿದ್ದರು. ಚಿಕ್ಕಪ್ಪನಿಗೆ ಆಗ ಮೂವತ್ತಕ್ಕೆ ಎರಡೋ ಮೂರೋ ಕಡಿಮೆ. ಎಂಟನೇ ವಯಸ್ಸಿಗೆ ವೇದ ಪಾಠಶಾಲೆಗೆ ಸೇರಿ ಹದಿನಾಲ್ಕು ವರ್ಷ ಅಲ್ಲೇ ಇದ್ದವರು. ಕನ್ನಡ, ಹಿಂದಿ, ಸಂಸ್ಕೃತ ಮೂರೂ ನೀರು ಕುಡಿದಂತೆ ಬರುತ್ತಿದ್ದವು. ಘಾಟಿನ ದೋಣಿಯವರ ಹತ್ತಿರ ಭೋಜಪುರಿಯಲ್ಲಿ ಜಗಳವನ್ನೂ ಆಡುತ್ತಿದ್ದರು. ದಡ್ಡರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನದನ್ನು ಕೇಳಿದವರೆಲ್ಲ ಅವರನ್ನು ದಡ್ಡರೆಂದೇ ತಿಳಿಯುತ್ತಾರೆ.

ಚಿಕ್ಕಪ್ಪನಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಯಾತ್ರೆಗೆ ಬಂದ ನಮ್ಮ ಕಡೆಯವರು ಅವರ ಮಂತ್ರಕ್ಕೆ ಕೈಮುಗಿಯುತ್ತಿದ್ದರು, ಕಾಲಿಗೆ ಬೀಳುತ್ತಿದ್ದರು. ಮದುವೆಯ ಮಾತು ತೆಗೆದರೆ ಮಾತ್ರ, ಇಷ್ಟು ದೂರಕ್ಕೆ, ಅದೂ ಪಿಂಡ ಹಾಕಿಸುವವರ ಮನೆಗೆ ಮಗಳನ್ನು ಹೇಗೆ ಕಳಿಸುವುದು ಅಂತ ರಾಗ ಎಳೆಯುತ್ತಿದ್ದರು. ಕೊನೆಗೆ ಹಾಸನದ ಕಡೆಯ ಒಬ್ಬರು, ತಾಲ್ಲೂಕು ಕಚೇರಿಯಲ್ಲಿ ಕೆಲಸದಲ್ಲಿದ್ದವರು, ಒಂದು ಮಾತು ಬರೆದರು. ಹುಡುಗ ಯಾವುದಾದರೂ ಸ್ಕೂಲಿನಲ್ಲಿ ಮೇಷ್ಟರಾದರೆ ನಮ್ಮ ಹುಡುಗಿಯನ್ನು ಕೊಡುತ್ತೇವೆ ಅಂತ. ಹುಡುಗಿಯ ಫೋಟೋ ಕೂಡ ಕಳಿಸಿದ್ದರು. ಚಿಕ್ಕಪ್ಪ ಅದನ್ನು ಅಮ್ಮನ ಕೈಯಿಂದ ಇಸಿದುಕೊಂಡು ನೋಡಿ, ವಾಪಸು ಕೊಟ್ಟು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರು.

ಅದೇ ಚಳಿಗಾಲದಲ್ಲಿ ನಮ್ಮ ಸ್ಕೂಲಿನ ಸಂಸ್ಕೃತದ ಮೇಷ್ಟರು ನಿವೃತ್ತರಾಗುವ ಸುದ್ದಿ ಬಂತು. ಆ ಜಾಗಕ್ಕೆ ಬೇಸಿಗೆ ರಜೆಗೆ ಮೊದಲೇ ಹೊಸಬರನ್ನು ಗೊತ್ತುಮಾಡುತ್ತಾರೆ ಎಂದೂ, ಆದರೆ ಸಂದರ್ಶನ ಇಂಗ್ಲಿಷಿನಲ್ಲೇ ಎಂದೂ ನಾನೇ ಮನೆಯಲ್ಲಿ ಹೇಳಿದೆ. ಸಂಸ್ಕೃತ ಕಲಿಸಲಿ, ಸಂಗೀತ ಕಲಿಸಲಿ, ಆ ಕಾಂಪೌಂಡಿನೊಳಗೆ ಇಂಗ್ಲಿಷ್ ಬಾರದವರಿಗೆ ಜಾಗವಿಲ್ಲ ಎಂಬುದು ಪ್ರಿನ್ಸಿಪಾಲ್ ಮೇಡಂ ಅವರ ಕಟ್ಟಪ್ಪಣೆ. ಗೋದೌಲಿಯಾ ಪೇಟೆಯ ಗೋಡೆಗಳ ತುಂಬ ಅರವತ್ತು ದಿನದಲ್ಲಿ ಇಂಗ್ಲಿಷ್ ಕಲಿಸುವವರ ಜಾಹೀರಾತುಗಳು ಇರುತ್ತಿದ್ದವು. ಆದರೆ ಅಲ್ಲಿ ಜೀನ್ಸ್ ಹಾಕಿದ ಹುಡುಗರ ನಡುವೆ ಜುಟ್ಟು ಬಿಟ್ಟುಕೊಂಡು ಕೂರಲು ಚಿಕ್ಕಪ್ಪನಿಗೆ ನಾಚಿಕೆ. ಒಂದು ಸಂಜೆ ಅವರು ನನ್ನ ಹತ್ತಿರ ಬಂದು ನಿಂತರು.

"ಪುಟ್ಟೀ, ನಂಗೆ ಇಂಗ್ಲಿಷು ಹೇಳಿಕೊಡ್ತೀಯಾ?"

ಅಪ್ಪ ನಕ್ಕರು. "ಹನ್ನೆರಡು ವರ್ಷದ ಹುಡುಗಿ ಹತ್ರ ಪಾಠವೇನೋ?"

"ಅವಳಿಗೆ ಬರುತ್ತೆ, ನಂಗೆ ಬರಲ್ಲ. ಬರೋರ ಹತ್ರ ತಾನೇ ಕಲೀಬೇಕು, ಅಣ್ಣಯ್ಯ," ಅಂದರು ಚಿಕ್ಕಪ್ಪ.

ಮರುದಿನದಿಂದ ತಾರಸಿಯ ಮೇಲೆ ಪಾಠ. ಚಿಕ್ಕಪ್ಪ ಚಾಪೆ ಹಾಸಿ, ಪದ್ಮಾಸನ ಹಾಕಿ, ಕೈಕಟ್ಟಿ ಕೂತರು. ನಾನು ಮೂರನೇ ಕ್ಲಾಸಿನ ನನ್ನ ಹಳೆಯ ರೀಡರು ಹಿಡಿದುಕೊಂಡೆ. ಹಸುವಿನ ಪಾಠದ ಮೊದಲ ಸಾಲು ಓದಿದೆ. ಅವರು ಅದನ್ನು ಎರಡು ಸಲ ಹೇಳಿದರು. ನಾನು ಎರಡನೇ ಸಾಲು ಓದಿದೆ. ಅದನ್ನೂ ಎರಡು ಸಲ ಹೇಳಿದರು. ಅವರು ಕಲಿತದ್ದೆಲ್ಲ ಹೀಗೆಯೇ. ಪಾಠಶಾಲೆಯಲ್ಲಿ ಇದಕ್ಕೆ ಸಂಥೆ ಅನ್ನುತ್ತಾರೆ. ಗುರುಗಳು ಒಂದು ಸಲ ಹೇಳಬೇಕು, ಶಿಷ್ಯ ಎರಡು ಸಲ ಹೇಳಬೇಕು. ಏರು ಎಲ್ಲಿದೆಯೋ ಅಲ್ಲಿ ಏರು, ಇಳಿ ಎಲ್ಲಿದೆಯೋ ಅಲ್ಲಿ ಇಳಿ. ಅರ್ಥ ಕೇಳಬಾರದು, ಅದು ಆಮೇಲೆ ತಾನಾಗಿ ಬರುತ್ತದೆ.

ಒಂದು ದಿನ ನನಗೆ ನೆಗಡಿಯಾಗಿತ್ತು. ಒಂದೊಂದು ಸಾಲಿನ ಕೊನೆಗೂ ಮೂಗು ಸೊರ್ ಅನ್ನಿಸಿದೆ. ಚಿಕ್ಕಪ್ಪ ಸಾಲನ್ನು ಎರಡು ಸಲ ಹೇಳಿ, ಎರಡು ಸಲವೂ ಮೂಗು ಸೊರ್ ಅನ್ನಿಸಿದರು. ಅಣಕವಲ್ಲ. ಗುರುವಿನ ಬಾಯಿಂದ ಬಂದದ್ದರಲ್ಲಿ ಯಾವುದು ಪಾಠ, ಯಾವುದು ನೆಗಡಿ ಅಂತ ಆರಿಸುವುದು ಶಿಷ್ಯನ ಕೆಲಸವಲ್ಲ ಎಂದು ಅವರು ಕಲಿತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಕೆಳಗೆ ಹೋಗಿ ಅಮ್ಮನಿಗೆ ಹೇಳಿದೆ, ಅಮ್ಮನೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ನನ್ನ ಮುಂದೆ ದೊಡ್ಡವರೊಬ್ಬರು ಕೈಕಟ್ಟಿ ಕೂತದ್ದು ಅದೇ ಮೊದಲು. ಆ ರುಚಿ ನನ್ನ ನೆತ್ತಿಗೇರಿತು. ಎರಡನೇ ವಾರಕ್ಕೆ ಸ್ಕೇಲು ತಂದೆ. ಮೂರನೇ ವಾರಕ್ಕೆ ಕ್ಯಾಲೆಂಡರಿನ ರಟ್ಟು ಕತ್ತರಿಸಿ, ಕೆಂಪು ಪೆನ್ನಿನಲ್ಲಿ ಕತ್ತೆಯ ಸಾಲು ಬರೆದು, ದಾರ ಕಟ್ಟಿದೆ. ಪಾಠದ ನಡುವೆ ಕನ್ನಡ ಆಡಿದರೆ ಕೊರಳಿಗೆ ಹಾಕಿಕೊಳ್ಳಬೇಕು ಅಂದೆ. "ಸರಿ," ಅಂದು ಚಿಕ್ಕಪ್ಪ ತಲೆ ಬಾಗಿಸಿದರು. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ಏನಿದು ಅಂತ ಕೇಳಿದಾಗ, "ಪರೀಕ್ಷಾ ಕಿ ತಯ್ಯಾರಿ ಹೈ, ಬಹೆನ್‌ಜಿ," ಅಂತ ಅವರೇ ನಗುತ್ತ ಹೇಳಿದರು. ಆ ಹಿಂದಿಗೆ ನಾನು ಗೆಣ್ಣಿನ ಮೇಲೆ ಒಂದು ಏಟು ಹಾಕಿದೆ. ಬೆಳಿಗ್ಗೆ ದರ್ಭೆ ಹಿಡಿದು ನೂರು ಜನರಿಂದ ನಮಸ್ಕಾರ ಮಾಡಿಸಿಕೊಳ್ಳುವ ಕೈ ಅದು. ಅವರು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಎರಡು ತಿಂಗಳಿಗೆ ಇಡೀ ರೀಡರು ಅವರ ಬಾಯಲ್ಲಿತ್ತು. ಪುಟ ಹೇಳಿದರೆ ಪುಟ ಒಪ್ಪಿಸುತ್ತಿದ್ದರು. ಅದರಲ್ಲಿ ಹಸು ಎಲ್ಲಿದೆ, ಹುಲ್ಲು ಎಲ್ಲಿದೆ ಎಂಬುದು ಗೊತ್ತಿರಲಿಲ್ಲ. ನಾನು ಹೇಳಿಕೊಡಲಿಲ್ಲ. ಅರ್ಧ ನನಗೇ ಗೊತ್ತಿರಲಿಲ್ಲ, ಇನ್ನರ್ಧ ಹೇಳಿಕೊಟ್ಟರೆ ಅವರು ನನ್ನನ್ನು ಮೀರಿಸುತ್ತಾರೆ ಎಂಬ ಭಯ ಇತ್ತು.

ಸಂದರ್ಶನದ ಹಿಂದಿನ ದಿನ ಶುಕ್ರವಾರ ನಾನು ಊಟದ ಡಬ್ಬಿ ಮರೆತು ಸ್ಕೂಲಿಗೆ ಹೋಗಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಮೈದಾನದಲ್ಲಿ ನಿಂತಿರುವಾಗ ಗೇಟಿನ ಸರಳುಗಳ ಆಚೆಯಿಂದ ಯಾರೋ ಕೂಗಿದರು. "ಪುಟ್ಟೀ, ಡಬ್ಬಿ ಬಿಟ್ಟು ಬಂದಿದ್ದೀಯಲ್ಲೇ." ಚಿಕ್ಕಪ್ಪ. ಘಾಟಿನಲ್ಲಿ ಪಿಂಡ ಹಾಕಿಸಿ ಮುಗಿಸಿ ನೇರ ಬಂದಿದ್ದರು. ಒದ್ದೆ ಪಂಚೆ, ಬರಿಮೈ, ಹೆಗಲ ಮೇಲೊಂದು ವಸ್ತ್ರ, ಹಣೆಯ ತುಂಬ ವಿಭೂತಿ, ಬೆರಳಲ್ಲಿ ಇನ್ನೂ ದರ್ಭೆಯ ಉಂಗುರ. ನನ್ನ ಬಾಯಿಂದ, "ಹೋಗಿ ಚಿಕ್ಕಪ್ಪಾ, ಹೋಗಿ," ಅಂತ ಹೊರಟುಹೋಯಿತು.

ಹುಡುಗಿಯರು ಸುತ್ತ ನೆರೆದರು. ಅದು ಹಿಂದಿಯಲ್ಲ, ಹಾಗಾದರೆ ರಟ್ಟು ಹಾಕಬಹುದೇ ಅಂತ ಒಂದು ಚರ್ಚೆ ನಡೆಯಿತು. ಟೀಚರನ್ನು ಕೇಳಿದರು. ಇಂಗ್ಲಿಷಲ್ಲದ್ದೆಲ್ಲ ಒಂದೇ ಅಂತ ಅವರು ತೀರ್ಪು ಕೊಟ್ಟರು. ನನ್ನ ಕೊರಳಿಗೆ ರಟ್ಟು ತಂದು ಹಾಕಿದವಳು ಆ ತೊದಲುವ ಹುಡುಗಿ. ಎಂದೂ ಬಾಯಿ ಬಿಡದವಳು ಅಂದು ನಿಧಾನವಾಗಿ, ಒಂದಕ್ಷರವೂ ಎಡವದೆ, "ಪಿಂಡವಾಲೀ" ಅಂದಳು. ಸಂಜೆಯ ತನಕ ಕ್ಲಾಸಿನವರೆಲ್ಲ ಅದನ್ನೇ ಗುನುಗಿದರು. ಕೊನೆಯ ಗಂಟೆಗೆ ನಾಲ್ಕು ಏಟು ಬಿತ್ತು.

ಮನೆಗೆ ಬಂದಾಗ ಚಿಕ್ಕಪ್ಪ ತಾರಸಿಯಲ್ಲಿ ಆಗಲೇ ಚಾಪೆ ಹಾಸಿದ್ದರು. ಊದಿದ ನನ್ನ ಬೆರಳನ್ನು ಯಾರೂ ನೋಡಲಿಲ್ಲ, ನಾನು ತೋರಿಸಲೂ ಇಲ್ಲ. ಅವರು ಪಾಠ ಒಪ್ಪಿಸಿ ಮುಗಿಸಿದರು. ಆಮೇಲೆ ಕೇಳಿದರು.

"ಪುಟ್ಟೀ, ಒಂದು ಸಂಶಯ. ಅಲ್ಲಿ ಅವರು ಏನಾದ್ರೂ ಹೇಳ್ತಾರಲ್ಲ, ಅದಕ್ಕೆ ನಾನು ಏನು ಮಾಡಬೇಕು? ನಮ್ಮಲ್ಲಾದ್ರೆ ಪರೀಕ್ಷಕರು ಹೇಳಿದ್ದನ್ನ ಮೊದಲು ಹಾಗೇ ಹೇಳಿ, ಆಮೇಲೆ ಮುಂದಕ್ಕೆ ಒಪ್ಪಿಸ್ತೀವಿ. ಇಂಗ್ಲಿಷಿನವರಲ್ಲೂ ಹಾಗೇನಾ, ಇಲ್ಲ ಅದಕ್ಕೆ ಬೇರೆ ಉತ್ತರ ಕೊಡಬೇಕಾ?"

ಸರಿಯಾದ ಪ್ರಶ್ನೆ. ಎರಡು ತಿಂಗಳಲ್ಲಿ ಅವರು ಕೇಳಿದ ಒಂದೇ ಒಂದು ಪ್ರಶ್ನೆ, ಕೇಳಬೇಕಾಗಿದ್ದೂ ಅದೊಂದೇ. ಅವರ ಬದುಕಿನಲ್ಲಿ ದೊಡ್ಡ ಮಾತೆಲ್ಲ ಹೇಳಿದಂತೆ ಹೇಳುವ ಮಾತೇ ಆಗಿತ್ತು. ಪಾಠಶಾಲೆಯಲ್ಲಿ ಗುರುಗಳು ಹೇಳಿದ್ದನ್ನು ಅವರು ಹೇಳಿದರು, ಘಾಟಿನಲ್ಲಿ ಅವರು ಹೇಳಿದ್ದನ್ನು ಯಾತ್ರಿಕರು ಹೇಳುತ್ತಿದ್ದರು. ಸಂಕಲ್ಪ ಮಾಡಿಸುವಾಗ ಮಧ್ಯದಲ್ಲಿ ಯಾರೂ ಉತ್ತರ ಕೊಟ್ಟದ್ದಿಲ್ಲ. ಆದರೂ ಅವರಿಗೆ ಸಂಶಯ ಬಂದಿತ್ತು. ನಾನು ನಿಜ ಹೇಳಿದ್ದರೆ ಆ ಒಂದು ಸಂಜೆಯಲ್ಲೇ ಹತ್ತು ಪ್ರಶ್ನೆ, ಹತ್ತು ಉತ್ತರ ಬಾಯಿಪಾಠ ಮಾಡಿಬಿಡುತ್ತಿದ್ದರು. ಅವರಿಗದು ಯಾವ ಮಹಾ ಕೆಲಸ.

"ಹಾಗೇ," ಅಂದೆ. "ಅವರು ಏನು ಹೇಳಿದ್ರೂ ಮೊದಲು ಎರಡು ಸಲ ಹೇಳಿ. ಉಚ್ಚಾರ ನೋಡ್ತಾರೆ. ಕೊನೇಲಿ ಹಸುವಿನ ಪಾಠ ಒಪ್ಪಿಸಿ."

"ಸರಿ," ಅಂದರು.

ಮರುದಿನ ಶನಿವಾರ, ಸ್ಕೂಲಿಗೆ ಅರ್ಧ ದಿನ. ಚಿಕ್ಕಪ್ಪ ಯಾರದೋ ಬಿಳಿ ಶರ್ಟು ತಂದು, ಕುತ್ತಿಗೆಯ ತನಕ ಗುಂಡಿ ಹಾಕಿಕೊಂಡು, ಇಸ್ತ್ರಿ ಮಾಡಿದ ಪಂಚೆ ಉಟ್ಟು ಗೇಟಿನ ಹತ್ತಿರ ನಿಂತಿದ್ದರು. "ಆ ಬೂದಿ ಒರೆಸಿಕೊಳ್ಳಿ," ಅಂದೆ. ಮರುಮಾತಾಡದೆ ವಸ್ತ್ರದ ತುದಿಯಿಂದ ಹಣೆ ಒರೆಸಿಕೊಂಡರು. ಅವರನ್ನು ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋಗಿ ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲು ತೆರೆದೇ ಇತ್ತು.

ಪ್ರಿನ್ಸಿಪಾಲ್ ಮೇಡಂ ಮೂಗಿನಲ್ಲಿ ಮಾತಾಡುತ್ತಿದ್ದರು. ಪ್ರತಿ ಮಾತಿನ ಕೊನೆಗೆ 'ಹ್ಞಂ' ಅಂತ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಇಡೀ ಸ್ಕೂಲು ಅವರ ಬೆನ್ನ ಹಿಂದೆ ಅದನ್ನು ಅಣಕಿಸುತ್ತಿತ್ತು.

"ಪ್ಲೀಸ್ ಸಿಟ್ ಡೌನ್. ಹ್ಞಂ," ಅಂದರು ಮೇಡಂ.

ಚಿಕ್ಕಪ್ಪ ನಿಂತಲ್ಲೇ ಕೈಕಟ್ಟಿದರು. "ಪ್ಲೀಸ್ ಸಿಟ್ ಡೌನ್, ಹ್ಞಂ. ಪ್ಲೀಸ್ ಸಿಟ್ ಡೌನ್, ಹ್ಞಂ." ಮೂಗಿನಲ್ಲೇ. ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಮೂಲೆಯಲ್ಲಿ ಟೈಪು ಮಾಡುತ್ತಿದ್ದ ಗುಮಾಸ್ತನ ಕೈ ನಿಂತಿತು. ಮೇಡಂ ಕನ್ನಡಕ ಸರಿಮಾಡಿಕೊಂಡು ಏನು ಓದಿಕೊಂಡಿದ್ದೀರಿ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಚಿಕ್ಕಪ್ಪ ಅದನ್ನೂ ಎರಡು ಸಲ ಹೇಳಿದರು. ಗುಮಾಸ್ತ ಹಿಂದಿಯಲ್ಲಿ ಏನೋ ಹೇಳಲು ಬಾಯಿ ತೆರೆದ. ಹಿಂದಿಯಲ್ಲಿ ಒಂದೇ ಮಾತು ಕೇಳಿದ್ದರೂ ಚಿಕ್ಕಪ್ಪ ಬದುಕಿಕೊಳ್ಳುತ್ತಿದ್ದರು. ಮೇಡಂ ಕೈ ಎತ್ತಿ ಅವನ ಬಾಯಿ ಮುಚ್ಚಿಸಿದರು. ಆ ಕೋಣೆಯಲ್ಲಿ ಹಿಂದಿ ಇಲ್ಲ.

"ಆರ್ ಯು ಮಾಕಿಂಗ್ ಮಿ? ಹ್ಞಂ?" ನನ್ನನ್ನು ಅಣಕಿಸುತ್ತಿದ್ದೀರಾ ಅಂತ.

"ಆರ್ ಯು ಮಾಕಿಂಗ್ ಮಿ, ಹ್ಞಂ? ಆರ್ ಯು ಮಾಕಿಂಗ್ ಮಿ, ಹ್ಞಂ?"

ಗುಮಾಸ್ತ ಟೈಪ್‌ರೈಟರಿನ ಮೇಲೆ ತಲೆಯಿಟ್ಟು ಕುಲುಕಿ ಕುಲುಕಿ ನಗುತ್ತಿದ್ದ. ಚಿಕ್ಕಪ್ಪ ಅತ್ತ ತಿರುಗಲೂ ಇಲ್ಲ. ಪಾಠಶಾಲೆಯಲ್ಲಿ ಒಪ್ಪಿಸುವವನ ಎದುರು ಬೇಕೆಂದೇ ನಗುವ ಪದ್ಧತಿಯಿತ್ತಂತೆ, ಧ್ಯಾನ ತಪ್ಪುತ್ತದೋ ನೋಡಲು. ಮೇಡಂ ಸುಮ್ಮನಾದದ್ದು ಕಂಡು ಅವರು ಪರೀಕ್ಷೆಯ ಮೊದಲ ಭಾಗ ಮುಗಿಯಿತೆಂದು ತಿಳಿದು, ಕಣ್ಣು ಮುಚ್ಚಿ, ಹಸುವಿನ ಪಾಠವನ್ನು ಮೊದಲಿಂದ ಕೊನೆಯ ತನಕ ಒಪ್ಪಿಸಿದರು. ಬಗಲಲ್ಲಿದ್ದ ಪಾಠಶಾಲೆಯ ಪ್ರಮಾಣಪತ್ರವನ್ನು ಯಾರೂ ಕೇಳಲಿಲ್ಲ.

ಮೇಡಂ ನನ್ನನ್ನು ಒಳಗೆ ಕರೆದರು. ಇವರು ನಿನಗೇನಾಗಬೇಕು ಅಂದರು. ಅಂಕಲ್ ಅಂದೆ. ಅವರ ಮುಖ ಕೆಂಪಾಗಿತ್ತು. ಎಲ್ಲರೂ ಬೆನ್ನ ಹಿಂದೆ ಮಾಡುವುದನ್ನು ಒಬ್ಬರು ಎದುರಿಗೆ ಮಾಡಿದ್ದಾರೆಂದು ಅವರಿಗೆ ತಿಳಿದುಹೋಗಿತ್ತು, ಅಥವಾ ಹಾಗೆಂದು ತಿಳಿದುಕೊಂಡಿದ್ದರು. "ಟೆಲ್ ಮಿ ದ ಟ್ರೂತ್. ಈಸ್ ಹಿ ಮಾಕಿಂಗ್ ಮಿ?" ಅಂದರು.

ಚಿಕ್ಕಪ್ಪ ನನ್ನನ್ನೇ ನೋಡುತ್ತಿದ್ದರು, ಸರಿಯಾಗಿ ಹೇಳಿದೆನಾ ಅಂತ ಕೇಳುವ ಹಾಗೆ. ಇವರು ಕಲಿತ ರೀತಿಯೇ ಇದು, ಗುರು ಹೇಳಿದ್ದನ್ನು ಎರಡು ಸಲ ಹೇಳುತ್ತಾರೆ. ಅಷ್ಟು ಹೇಳುವ ಇಂಗ್ಲಿಷ್ ನನ್ನಲ್ಲಿತ್ತು.

"ಯೆಸ್, ಮ್ಯಾಡಮ್," ಅಂದೆ.

ಆ ಸ್ಕೂಲಿನಲ್ಲಿ ಏನು ಕೇಳಿದರೂ 'ಯೆಸ್, ಮ್ಯಾಡಮ್' ಅನ್ನುವುದು ಅಭ್ಯಾಸ, ಹಾಗಾಗಿ ಬಾಯಿಗೆ ಬಂತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಶುದ್ಧ ಸುಳ್ಳು.

ವಾಪಸು ಬರುವಾಗ ರಿಕ್ಷಾದಲ್ಲಿ ಚಿಕ್ಕಪ್ಪನ ಮುಖ ಅರಳಿತ್ತು. "ಒಂದಕ್ಷರ ತಪ್ಪಲಿಲ್ಲ, ಅಲ್ವಾ?" ಅಂದರು. ಇಲ್ಲ ಅಂದೆ. ಗೋದೌಲಿಯಾದಲ್ಲಿ ಇಳಿದು ನನಗೆ ಮಲೈಯೋ, ಚಳಿಗಾಲದಲ್ಲಷ್ಟೇ ಮಾಡುವ ಹಾಲಿನ ನೊರೆಯ ಸಿಹಿ, ಕೊಡಿಸಬೇಕೆಂದು ಹುಡುಕಿದರು. ಚಳಿ ಮುಗಿದಿತ್ತು, ಎಲ್ಲೂ ಸಿಗಲಿಲ್ಲ. ಲಸ್ಸಿ ಕುಡಿಸಿದರು.

ಹತ್ತು ದಿನಕ್ಕೆ ಕಾಗದ ಬಂತು. ಟೈಪು ಮಾಡಿದ್ದು, ಕೆಳಗೆ ಮೇಡಂ ಸಹಿ. ಚಿಕ್ಕಪ್ಪ ಅದನ್ನು ಒಡೆದು, ಮೇಲೆ ತಂದು, ಚಾಪೆ ಹಾಸಿ ನನ್ನ ಕೈಗೆ ಕೊಟ್ಟರು. "ಸಂಥೆ ಹೇಳು," ಅಂದರು. ಆಮೇಲೆ ಅಣ್ಣಯ್ಯನಿಗೆ ತಾನೇ ಓದಿ ಹೇಳಬೇಕಂತೆ. ನಾನು ಹೇಳಿದೆ. 'ವಿ ರಿಗ್ರೆಟ್ ಟು ಇನ್‌ಫಾರ್ಮ್ ಯು' ಎಂಬಲ್ಲಿಂದ ಶುರುಮಾಡಿ, ನೀವು ಪ್ರಿನ್ಸಿಪಾಲರ ಪೀಠವನ್ನು ಅಣಕಿಸಿದ್ದೀರಿ, ಇದನ್ನು ನಮ್ಮ ವಿದ್ಯಾರ್ಥಿನಿಯಾದ ನಿಮ್ಮ ಅಣ್ಣನ ಮಗಳೇ ದೃಢಪಡಿಸಿದ್ದಾಳೆ, ಇನ್ನು ಮುಂದೆ ಈ ಆವರಣಕ್ಕೆ ಕಾಲಿಡಕೂಡದು ಎಂಬಲ್ಲಿಯ ತನಕ. ಒಂದೊಂದು ಸಾಲನ್ನೂ ಅವರು ಎರಡೆರಡು ಸಲ, ಸ್ಪಷ್ಟವಾಗಿ, ಸಂತೋಷದಿಂದ ಹೇಳಿದರು.

"ಅರ್ಥ ಏನು?" ಅಂದರು ಕೊನೆಗೆ.

"ನಿಮ್ಮ ಉಚ್ಚಾರ ತುಂಬ ಚೆನ್ನಾಗಿದೆಯಂತೆ. ಮಿಕ್ಕಿದ್ದು ಜುಲೈನಲ್ಲಿ ತಿಳಿಸ್ತಾರಂತೆ."

"ಯುವರ್ ಓನ್ ನೀಸ್ ಅಂತ ಬಂತಲ್ಲ, ಅದು?"

"ನಾನು. ನಿಮ್ಮ ಬಗ್ಗೆ ನಾನು ಒಳ್ಳೇ ಮಾತು ಹೇಳಿದೆ ಅಂತ ಬರೆದಿದ್ದಾರೆ."

ಚಿಕ್ಕಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, ಚಾಪೆ ಸುತ್ತಿಕೊಂಡು ಕೆಳಗೆ ಹೋದರು.

ಜುಲೈಯ ತನಕ ಹೇಗೋ ನೂಕಿದರೆ ಎಲ್ಲ ಮರೆತುಹೋಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಏಪ್ರಿಲಿನಲ್ಲೇ ಹುಡುಗಿಯ ತಂದೆ ಬಂದರು. ತಮ್ಮ ತಂದೆಗೆ ಕಾಶಿಯಲ್ಲಿ ಶ್ರಾದ್ಧ ಮಾಡಿದಂತೆಯೂ ಆಯಿತು, ಹುಡುಗನನ್ನು ನೋಡಿದಂತೆಯೂ ಆಯಿತು ಅಂತ. ಕೆಳಗಿನ ಕೋಣೆಯಲ್ಲಿ ಇಳಿದುಕೊಂಡರು. ಶ್ರಾದ್ಧವನ್ನು ಚಿಕ್ಕಪ್ಪನೇ ಮಾಡಿಸಿದರು. ಆ ದಿನದ ಅವರ ಮಂತ್ರವನ್ನು ನಾನು ಮೆಟ್ಟಿಲ ಮೇಲೆ ಕೂತು ಕೇಳಿದ್ದೇನೆ. ಹುಡುಗಿಯ ತಂದೆ ಎದ್ದು, ಒದ್ದೆ ಕಣ್ಣಲ್ಲಿ, ನಮ್ಮಪ್ಪನಿಗೆ ತೃಪ್ತಿಯಾಯಿತು ಅಂದರು.

ಬ್ರಾಹ್ಮಣರ ಊಟವಾದ ಮೇಲೆ ಮನೆಯವರ ಪಂಕ್ತಿ. ಅಪ್ಪ ಮತ್ತು ಬಂದವರು ಎಲೆಯ ಮುಂದೆ ಕೂತಿದ್ದರು, ಚಿಕ್ಕಪ್ಪ ಬಡಿಸುತ್ತಿದ್ದರು, ಅಮ್ಮ ಒಲೆಯ ಹತ್ತಿರ ಇದ್ದಳು. ನಾನು ಮಡಿಯಲ್ಲಿ ಇಲ್ಲದ ಕಾರಣ ಹೊಸಿಲಿನ ಆಚೆ ನಿಂತಿದ್ದೆ. ಕೆಲಸದ ವಿಷಯ ಏನಾಯಿತು ಅಂತ ಅವರು ಕೇಳಿದರು. ಚಿಕ್ಕಪ್ಪ ದೇವರ ಗೂಡಿನಲ್ಲಿ ಇಟ್ಟಿದ್ದ ಕಾಗದ ತಂದು, "ಬಂದಿದೆ, ಮಾವನೋರೆ. ಇಂಗ್ಲಿಷಿನಲ್ಲಿದೆ, ತಾವೇ ನೋಡಿ," ಅಂದರು. ಅವರ ಎಡಗೈಗೆ ಕೊಟ್ಟರು.

ಅವರು ಮನಸ್ಸಿನಲ್ಲೇ ಓದಿದರು. ಮತ್ತೆ ಮೊದಲಿಂದ ಓದಿದರು. ಆಮೇಲೆ ಕನ್ನಡದಲ್ಲಿ, ಕಚೇರಿಯ ಹುಕುಂ ಓದುವ ದನಿಯಲ್ಲಿ, ಒಂದೊಂದೇ ಸಾಲು ಬಿಡಿಸಿ ಹೇಳಿದರು. ಅಣ್ಣನ ಮಗಳ ಸಾಲನ್ನೂ ಬಿಡಲಿಲ್ಲ.

ಶ್ರಾದ್ಧದ ದಿನ ಮನೆಯಲ್ಲಿ ಯಾರೂ ಕೋಪಿಸಿಕೊಳ್ಳಬಾರದು, ಕಣ್ಣೀರು ಹಾಕಬಾರದು. ಹಾಕಿದರೆ ಮಾಡಿದ್ದು ಪಿತೃಗಳಿಗೆ ಮುಟ್ಟುವುದಿಲ್ಲ. ಅಪ್ಪನ ಕತ್ತಿನ ನರ ಉಬ್ಬಿತ್ತು, ದನಿ ಮಾತ್ರ ತಗ್ಗಿಸಿಯೇ ಕೇಳಿದರು. "ಏನೇ ಇದು?"

ನಾನು ಬಾಯಿ ಬಿಡುವ ಮೊದಲೇ ಚಿಕ್ಕಪ್ಪ ಮಾತಾಡಿದರು. ಕೈಯಲ್ಲಿ ಸಾರಿನ ಪಾತ್ರೆ ಹಾಗೇ ಇತ್ತು.

"ಅವಳಿಗೆ ಅರ್ಥ ಆಗಿರಲ್ಲ ಅಣ್ಣಯ್ಯ. ಅವರು ಇಂಗ್ಲಿಷಿನಲ್ಲಿ ಏನೋ ಜೋರಾಗಿ ಕೇಳಿದ್ರು, ಮಗು ಹೆದರಿ ಯೆಸ್ ಅಂದಿದೆ. ಈ ಕಾಗದಾನೂ ಅಷ್ಟೇ, ಅವಳಿಗೆ ಓದೋಕೆ ಬಂತು, ಅರ್ಥ ಬರಲಿಲ್ಲ. ಅವಳಿಗಾದ್ರೂ ಎಷ್ಟು ಇಂಗ್ಲಿಷು ಬರುತ್ತೆ, ಪಾಪ."

"ಬಿಡಿ, ಬಿಡಿ," ಅಂದರು ಹುಡುಗಿಯ ತಂದೆ ಅನ್ನ ಕಲಸುತ್ತ. "ಈ ಕಾನ್ವೆಂಟು ಮಕ್ಕಳೆಲ್ಲ ಹೀಗೇ. ಬರೀ ಗಿಳಿಪಾಠ."

ಅಪ್ಪನ ಭುಜ ಸಡಿಲವಾಯಿತು. ಅಮ್ಮ ಒಲೆಯ ಕಡೆ ತಿರುಗಿದಳು. ಎಲ್ಲ ಮುಗಿದಿತ್ತು. ನಾನು ತಲೆ ತಗ್ಗಿಸಿ ನಿಂತಿದ್ದರೆ ಸಾಕಾಗಿತ್ತು. ಆದರೆ ನನ್ನ ಕಿವಿಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು. ನನಗೆ ಇಂಗ್ಲಿಷ್ ಬರುವುದಿಲ್ಲವಂತೆ. ಅದನ್ನು ಹೇಳಿದವರು ಯಾರು, ಹಸು ಯಾವುದು ಹುಲ್ಲು ಯಾವುದು ಗೊತ್ತಿಲ್ಲದ ನನ್ನ ಶಿಷ್ಯ. ನನ್ನ ಮೈ ಉರಿದುಹೋಯಿತು.

"ನಂಗೆ ಅರ್ಥ ಆಗಿತ್ತು," ಅಂದೆ. "ಮಾಕಿಂಗ್ ಅಂದ್ರೆ ಅಣಕಿಸೋದು. ಗೊತ್ತಿದ್ದೇ ಯೆಸ್ ಅಂದೆ. ಕಾಗದಾನೂ ಅರ್ಥ ಆಗಿತ್ತು."

ಚಿಕ್ಕಪ್ಪ ಪಾತ್ರೆಯನ್ನು ಕೆಳಗಿಟ್ಟರು.

"ಎರಡು ಸಲ ಹೇಳಿ ಅಂದಿದ್ದು?"

"ಅದೂ ಗೊತ್ತಿದ್ದೇ."

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ಆ ದಿನ ಇರಕೂಡದು. ಆಮೇಲೆ ಒಳಗೆ ಹೋಗಿ ಮಜ್ಜಿಗೆ ತಂದು ಹುಡುಗಿಯ ತಂದೆಯ ಎಲೆಗೆ ಬಡಿಸಿ, ಉಪ್ಪು ಸಾಕಾ ಅಂತ ಕೇಳಿದರು. ಅವರು ಸಾಕು ಅಂದರು. ಸಂಜೆಯ ಗಾಡಿಗೇ ಹೊರಟರು. ಫೋಟೋ ವಾಪಸು ಕೇಳಿದಾಗ ಅಮ್ಮ ಹುಡುಕುತ್ತಿದ್ದಳು. ಚಿಕ್ಕಪ್ಪ ತಮ್ಮ ಪೆಟ್ಟಿಗೆಯಿಂದ ತೆಗೆದು ಕೊಟ್ಟರು. ಆಮೇಲೆ ಅವರಿಗೆ ಯಾವ ಸಂಬಂಧವೂ ಕೂಡಿಬರಲಿಲ್ಲ.

ಅಮ್ಮ ಈ ಕತೆಯನ್ನು ಇವತ್ತಿಗೂ ಬಂದವರ ಮುಂದೆ ಹೇಳುತ್ತಾಳೆ. ನನ್ನ ಹುಡುಗಿ ತಪ್ಪು ಮಾಡಿದಳು ನಿಜ, ಆದರೆ ಎಲ್ಲರೂ ಬಿಟ್ಟುಬಿಟ್ಟಿದ್ದಾಗಲೂ ತಾನಾಗಿ ಒಪ್ಪಿಕೊಂಡಳು, ಅಷ್ಟು ಚಿಕ್ಕ ವಯಸ್ಸಿಗೆ ಅಂಥ ಸತ್ಯ ಯಾರು ಹೇಳುತ್ತಾರೆ ಅನ್ನುತ್ತಾಳೆ. ಬಂದವರು ತಲೆದೂಗುತ್ತಾರೆ. ಚಿಕ್ಕಪ್ಪ ಅಲ್ಲೇ ಕೂತಿರುತ್ತಾರೆ, ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದೂ ಇಲ್ಲ. ನಾನು ಅಂದು ಒಪ್ಪಿಕೊಂಡದ್ದಲ್ಲ, ನನಗೆ ಇಂಗ್ಲಿಷ್ ಬರುತ್ತದೆ ಅಂತ ತೋರಿಸಿಕೊಂಡದ್ದು ಎಂಬುದು ಆ ಮನೆಯಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತು.